ಕಾಡಿನ ದೇವರು ನ್ಯಾಯ ಹೇಳಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೀತಿದೀನಿ ಸಾರ್. ಅದರಲ್ಲಿ ಕಡವರಾಯ ಅಂತ ಒಬ್ಬ ದೇವರು. ಕಡವೆ ಕೊಂಬು, ಮೈಯೆಲ್ಲ ತೊಗಟೆ, ಕಾಡಿಗೂ ಅವನೇ ಒಡೆಯ, ನ್ಯಾಯ ಹೇಳೋನೂ ಅವನೇ. ಓದಿದ ಫ್ರೆಂಡ್ಸ್ ಎಲ್ಲ ಇದು ಕೂಡಿಬರಲ್ಲ, ಕಾಡು ಅಂದ್ರೆ ಕಾನೂನೇ ಇಲ್ದಿರೋ ಜಾಗ, ಅಲ್ಲಿ ನ್ಯಾಯ ಎಲ್ಲಿಂದ ಬಂತು ಅಂತಾರೆ. ಇಬ್ಬರು ದೇವರು ಮಾಡ್ಬಿಡ್ಲಾ?

ಉತ್ತರ: ಬೇಡ, ಒಬ್ಬನೇ ಇರಲಿ. ನಿಮ್ಮ ಫ್ರೆಂಡ್ಸ್ ಸುಮ್ನೆ ಹೇಳ್ತಿಲ್ಲ, ಹಳೇ ಪುರಾಣಗಳನ್ನ ತೆಗೆದು ನೋಡಿದ್ರೆ ಬಹುತೇಕ ಕಡೆ ಈ ಎರಡು ಖಾತೆ ಬೇರೆ ಬೇರೆಯವರ ಕೈಲೇ ಇರೋದು. ಗ್ರೀಕರಲ್ಲಿ ಕಾಡು, ಬೇಟೆ ಎಲ್ಲ ಆರ್ಟೆಮಿಸ್‌ದು, ನ್ಯಾಯ ಥೆಮಿಸ್ ಮತ್ತೆ ಅವಳ ಮಗಳು ಡಿಕೆಯದು. ಈಜಿಪ್ಟಲ್ಲಿ ಸತ್ಯ, ಕ್ರಮ, ನ್ಯಾಯ ಎಲ್ಲಾ ಮಾತ್ ಅನ್ನೋ ದೇವಿ, ಸತ್ತವನ ಹೃದಯನ ತೂಗೋದು ಅವಳ ಗರಿ ಎದುರಿಗೇನೇ, ಆದ್ರೆ ಊರಾಚೆಯ ಮರಳುಗಾಡು ಮಾತ್ರ ಗದ್ದಲದ ದೇವರು ಸೆತ್‌ಗೆ ಸೇರಿದ್ದು.

ಮೆಸೊಪೊಟೇಮಿಯಾದ್ದು ಇನ್ನೂ ಮಜವಾಗಿದೆ. ಅಲ್ಲಿ ನ್ಯಾಯದ ದೇವರು ಶಮಾಶ್, ಅಂದ್ರೆ ಸೂರ್ಯ, ಮೇಲಿಂದ ಎಲ್ಲಾನೂ ನೋಡ್ತಾನಲ್ಲ ಅದಕ್ಕೆ. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಕೆತ್ತಿರೋ 2.25 ಮೀಟರ್ ಎತ್ತರದ ಕಲ್ಲಿನ ತುದೀಲಿ ರಾಜನ ಎದುರು ಕೂತಿರೋನು ಇವನೇ. ಈಗ ಅಲ್ಲಿನ ರಾಜ ಗಿಲ್ಗಮೇಶನ ಹಳೇ ಕಥೆ ನೋಡಿ. ದೇವದಾರು ಕಾಡು ಕಾಯೋಕೆ ಹುಂಬಾಬ ಅನ್ನೋನನ್ನ ಎನ್‌ಲಿಲ್ ದೇವರೇ ನೇಮಿಸಿರ್ತಾನೆ, ಗಿಲ್ಗಮೇಶ್ ಮತ್ತೆ ಅವನ ಗೆಳೆಯ ಎಂಕಿಡು ಅವನನ್ನ ಕೊಂದು ಮರ ಕಡಿಯೋಕೆ ಹೋಗ್ತಾರೆ, ಆಗ ಗಾಳಿಗಳನ್ನ ಕಳಿಸಿ ಹುಂಬಾಬನ ಕೈಕಾಲು ಆಡದ ಹಾಗೆ ಮಾಡೋದು ಯಾರು ಅಂದ್ಕೊಂಡ್ರಿ? ಸಾಕ್ಷಾತ್ ನ್ಯಾಯದ ದೇವರು ಶಮಾಶ್! ಇರಾಕಿನ ಸುಲೈಮಾನಿಯಾ ಮ್ಯೂಸಿಯಂ 2011ರಲ್ಲಿ ಕೊಂಡ, ಇದೇ ಕಥೆ ಇರೋ ಒಂದು ಮಣ್ಣಿನ ಫಲಕನ 2014ರಲ್ಲಿ ಓದಿ ಪ್ರಕಟಿಸಿದ್ರು, ಅದರಲ್ಲಿ ಮರ ಎಲ್ಲ ಉರುಳಿಸಿದ ಮೇಲೆ ಎಂಕಿಡು, ಕಾಡನ್ನ ಬೋಳು ಮಾಡ್ಬಿಟ್ವಲ್ಲ, ಎನ್‌ಲಿಲ್‌ಗೆ ಏನಂತ ಉತ್ತರ ಹೇಳೋದು ಅನ್ನೋ ಅರ್ಥದ ಮಾತಾಡ್ತಾನೆ. ಆಮೇಲೆ ಎಂಕಿಡು ಸಾಯಬೇಕು ಅಂತ ದೇವತೆಗಳು ತೀರ್ಮಾನ ಮಾಡ್ತಾರೆ ನಿಜ, ಆದ್ರೆ ನನಗೆ ಅದು ಮೇಲಿನವರ ಸಿಟ್ಟಿನ ಥರ ಕಾಣುತ್ತೇ ಹೊರತು ಕಾಡಿಗೆ ಸಿಕ್ಕ ನ್ಯಾಯ ಅನಿಸಲ್ಲ. ಅಪರಾಧ ಇದೆ, ತಪ್ಪೊಪ್ಪಿಗೆನೂ ಇದೆ, ಕಾಡಿನ ಕಡೆಯಿಂದ ಕೂತು ತೀರ್ಪು ಹೇಳೋನೇ ಇಲ್ಲ. ನಿಮ್ಮ ಕಡವರಾಯನ ಜಾಗ ಅದೇ ಕಣ್ರೀ.

ಎರಡೂ ಒಂದೇ ಕಡೆ ಸೇರಿರೋದು ಇಲ್ವೇ ಇಲ್ಲ ಅಂತಲ್ಲ. ಐತರೇಯ ಬ್ರಾಹ್ಮಣ ಅನ್ನೋ ವೈದಿಕ ಗ್ರಂಥದಲ್ಲಿ ಪ್ರಜಾಪತಿ ಜಿಂಕೆ ರೂಪ ತಾಳಿ ತನ್ನ ಮಗಳ ಹಿಂದೆನೇ ಹೋಗ್ತಾನೆ, ಅವನನ್ನ ದಂಡಿಸೋ ತಾಕತ್ತು ದೇವತೆಗಳಲ್ಲಿ ಒಬ್ಬರಿಗೂ ಇರಲ್ಲ, ಕೊನೆಗೆ ಎಲ್ಲರೂ ತಂತಮ್ಮ ಅತೀ ಘೋರವಾದ ರೂಪಗಳನ್ನ ಒಟ್ಟು ಸೇರಿಸಿ ಒಬ್ಬನನ್ನ ಮಾಡ್ತಾರೆ. ಅವನು ಬಾಣ ಬಿಡೋಕೆ ಮುಂಚೆ ಕೇಳೋ ವರ ಏನು ಗೊತ್ತಾ, ಪಶುಗಳ ಒಡೆತನ. ಅಂದ್ರೆ ಸೃಷ್ಟಿಕರ್ತನಿಗೇ ಶಿಕ್ಷೆ ಕೊಡೋ ಕೆಲಸನೂ ಪ್ರಾಣಿಗಳ ಯಜಮಾನಿಕೆನೂ ಒಬ್ಬನಿಗೇ ಒಂದೇ ಗಳಿಗೇಲಿ ಸಿಕ್ತು. ರುದ್ರನ ಕಥೆ ಅಂತ ನಾವು ಓದೋದು ಇದನ್ನೇ. ಇದನ್ನ ಕಾಪಿ ಮಾಡಿ ಅಂತ ಹೇಳ್ತಿಲ್ಲ, ಕೂಡಿಬರಲ್ಲ ಅನ್ನೋರಿಗೆ ಉತ್ತರ ಕೊಡೋಕೆ ಇಟ್ಕೊಳ್ಳಿ.

ಒಂದೇ ಒಂದು ಷರತ್ತು. ಕಡವರಾಯ ಹೇಳೋ ನ್ಯಾಯ ಕಾಡಿಂದೇ ಆಗಿರ್ಬೇಕು. ನೀವು ಕಳಿಸಿದ ಅಧ್ಯಾಯದಲ್ಲಿ ಅವನು ಬಂಡೆ ಮೇಲೆ ಕೂತು ವಾದಿ ಪ್ರತಿವಾದಿನ ಕರೆಸಿ, ಸಾಕ್ಷಿ ಕೇಳಿ, ಜೈಲು ಶಿಕ್ಷೆ ಹಾಕ್ತಾನೆ. ಹೀಗಾದ್ರೆ ಅವನು ಕೊಂಬು ಕಟ್ಕೊಂಡಿರೋ ಜಡ್ಜು, ಅಷ್ಟೇ.

ಪ್ರಶ್ನೆ: ಹಾಗಾದ್ರೆ ಕಾಡಿನ ನ್ಯಾಯ ಅಂದ್ರೆ ಏನು? ಬಲ ಇದ್ದೋನು ಉಳೀತಾನೆ ಅನ್ನೋದಾ? (ಅದೇ ಓದುಗರು)

ಉತ್ತರ: ಅದು ನ್ಯಾಯ ಹೇಗಾಗುತ್ತೆ, ಹುಲಿ ಜಿಂಕೆ ತಿಂದ್ರೆ ತಪ್ಪೂ ಇಲ್ಲ ಸರಿನೂ ಇಲ್ಲ. ಋಗ್ವೇದದ 10ನೇ ಮಂಡಲದಲ್ಲಿ ಕಾಡಿನ ದೇವತೆ ಅರಣ್ಯಾನಿ ಮೇಲೆ 6 ಮಂತ್ರದ ಒಂದು ಪುಟ್ಟ ಸೂಕ್ತ ಇದೆ (146ನೇದು), ತುಂಬ ಚೆನ್ನಾಗಿದೆ ಓದಿ. ಬೇರೆ ಯಾರೂ ಮೇಲೆ ಬೀಳದೇ ಇದ್ರೆ ಅವಳಾಗೇ ಯಾರನ್ನೂ ಕೊಲ್ಲಲ್ಲ, ಸಿಹಿ ಹಣ್ಣು ತಿಂದು ಇಷ್ಟ ಬಂದ ಕಡೆ ಮಲಗಬಹುದು ಅಂತ ಬರುತ್ತೆ, ಉಳುಮೆ ಮಾಡದೇನೂ ಬೇಕಾದಷ್ಟು ಆಹಾರ ಇರೋಳು, ಮೃಗಗಳ ತಾಯಿ ಅಂತಾನೂ. ನನಗೆ ಕಾಣೋ ಪ್ರಕಾರ ಅಲ್ಲಿ ಒಂದು ಒಪ್ಪಂದ ಅಡಗಿದೆ, ತಿನ್ನು, ಮಲಗು, ಹೋಗು. ಕಡವರಾಯನ ಕಾನೂನು ಇದೇ ಯಾಕಾಗ್ಬಾರ್ದು? ಹಸಿವಿಗೆ ತಗೊಂಡಿದ್ದಕ್ಕೆ ಲೆಕ್ಕ ಇಲ್ಲ, ಕೂಡಿಡೋಕೆ ತಗೊಂಡಿದ್ದು ಸಾಲ. ಆ ಸಾಲ ಅವನು ವಸೂಲಿ ಮಾಡೋದೂ ಅದೇ ರೂಪದಲ್ಲಿ ಇರ್ಲಿ, ನೂರು ಮರ ಕಡಿಸಿ ಮಾರಿದ ವ್ಯಾಪಾರಿಗೆ ಆಮೇಲೆ ಜೀವಮಾನ ಪೂರ್ತಿ ಎಲ್ಲಿ ನಿಂತರೂ ನೆರಳು ಸಿಗಲ್ಲ. ಸಾಯಿಸೋದಕ್ಕಿಂತ ಇದು ಘೋರ, ಬರೆಯೋಕೂ ಒಳ್ಳೇ ಸೀನುಗಳು ಸಿಗುತ್ತೆ.

ಪ್ರಶ್ನೆ: ತಿಳೀದೆ ತಪ್ಪು ಮಾಡಿದೋರಿಗೆ ಇಂಥ ದೇವರು ಕ್ಷಮೆ ಕೊಡಬೇಕಾ?

ಉತ್ತರ: ಕೊಟ್ರೆ ಕಥೆ ಸಪ್ಪೆ ಆಗುತ್ತೆ ಅಂತ ನನ್ನ ಅಭಿಪ್ರಾಯ. ಗ್ರೀಕ್ ಬೇಟೆಗಾರ ಆಕ್ಟಿಯಾನ್ ಕಥೆ ಎಲ್ಲರಿಗೂ ಗೊತ್ತಿರೋ ರೂಪದಲ್ಲಿ ಅವನು ದಾರಿ ತಪ್ಪಿ ಬಂದು ಆರ್ಟೆಮಿಸ್ ಸ್ನಾನ ಮಾಡೋದನ್ನ ನೋಡ್ಬಿಡ್ತಾನೆ, ಅವಳು ಅವನನ್ನ ಜಿಂಕೆ ಮಾಡ್ತಾಳೆ, ಅವನು ಸಾಕಿದ ನಾಯಿಗಳೇ ಅವನನ್ನ ಹರಿದು ಹಾಕುತ್ವೆ. ಇಷ್ಟು ಶತಮಾನ ಆದ್ರೂ ಇದು ಯಾಕೆ ಕಾಡುತ್ತೆ ಅಂದ್ರೆ ನಮ್ಮ ನ್ಯಾಯ ಮನಸ್ಸಲ್ಲಿ ಏನಿತ್ತು ಅಂತ ಕೇಳುತ್ತೆ, ಅವಳು ಕೇಳಲ್ಲ. ಬೆಂಕಿ ಕೈ ಸುಡೋ ಮುಂಚೆ ಉದ್ದೇಶ ಕೇಳುತ್ತಾ? ಕಡವರಾಯನೂ ಕೇಳೋದು ಬೇಡ. ಕೇಳ್ಬೇಕು ಅಂತ ಹಠ ಹಿಡಿಯೋ ಒಂದು ಮನುಷ್ಯ ಪಾತ್ರ ಮಾತ್ರ ಇರಲೇಬೇಕು, ಅಲ್ಲಿಂದಾನೇ ನಿಮ್ಮ ಕಥೆಯ ಜಗಳ ಶುರುವಾಗೋದು.

ಪ್ರಶ್ನೆ: ಇಂಥ ದೇವರಿಗೆ ವಿಲನ್ ಯಾರು? ಮರ ಕಡಿಯೋರು ಅಂತ ಮಾಡಿದ್ರೆ ಪಾಪ ಬಡವರೇ ವಿಲನ್ ಆಗ್ತಾರಲ್ಲ ಸಾರ್.

ಉತ್ತರ: ಒಳ್ಳೇ ಪ್ರಶ್ನೆ. ಸೌದೆ ಆರಿಸೋರನ್ನ ವಿಲನ್ ಮಾಡ್ಬೇಡಿ, ಕಾಡು ನಂದು ಅನ್ನೋ ರಾಜನನ್ನ ಮಾಡಿ. ಇತಿಹಾಸದಲ್ಲೇ ಇದೆ, ಇಂಗ್ಲೆಂಡನ್ನ ನಾರ್ಮನ್ನರು ಗೆದ್ದ ಮೇಲೆ ರಾಜರು ದೊಡ್ಡ ದೊಡ್ಡ ಪ್ರದೇಶಗಳನ್ನ ರಾಜನ ಕಾಡು ಅಂತ ಘೋಷಿಸಿದ್ರು, ಅದರೊಳಗೆ ಜನರ ಹಳ್ಳಿ, ಹೊಲಗಳೂ ಸೇರ್ಕೊಂಡ್ಬಿಟ್ವು, ಜಿಂಕೆ ಹೊಡೆದೋರ ಕಣ್ಣು ಕೀಳೋ ಅಂಥ ಶಿಕ್ಷೆನೂ ಇತ್ತು. 1217ರ ಕಾಡಿನ ಸನ್ನದಲ್ಲಿ ಬೇಟೆ ಪ್ರಾಣಿಗೋಸ್ಕರ ಇನ್ಮೇಲೆ ಯಾರೂ ಪ್ರಾಣ ಅಥವಾ ಅಂಗ ಕಳ್ಕೋಬಾರ್ದು, ದಂಡ ಕಟ್ಟಬೇಕು, ಕಟ್ಟೋಕಾಗದಿದ್ರೆ ಒಂದು ವರ್ಷ ಒಂದು ದಿನ ಸೆರೆವಾಸ ಅಂತ ಬರೆದ್ರು. ಆ ರಾಜರಿಗೆ ಜಿಂಕೆ ಮೇಲೆ ಪ್ರೀತಿ ಇತ್ತು ಅಂತ ಅಲ್ಲ, ತಾವು ಬೇಟೆ ಆಡ್ಬೇಕಿತ್ತು. ನಿಮ್ಮ ರಾಜನೂ ಕಡವರಾಯನ ಹೆಸರಲ್ಲೇ ಕಾನೂನು ಮಾಡ್ಲಿ, ಅವನ ಗುರುತನ್ನ ಧ್ವಜದ ಮೇಲೆ ಹಾಕ್ಕೊಳ್ಳಲಿ, ದೇವರ ಪರವಾಗಿ ಬಡವರ ಕೈ ಕಡಿಸ್ಲಿ, ಅದೆಲ್ಲಾ ಸಾಲದ ಲೆಕ್ಕಕ್ಕೆ ಸೇರ್ತಾ ಹೋಗ್ಲಿ.

ಪ್ರಶ್ನೆ: ಕೊಂಬು ಬೇಕಾ ಬೇಡ್ವಾ?

ಉತ್ತರ: ಬೇಡ ಅಂತೀನಿ. ಡೆನ್ಮಾರ್ಕಿನಲ್ಲಿ 1891ರಲ್ಲಿ ಸಿಕ್ಕ ಗುಂಡೆಸ್ಟ್ರುಪ್ ಬೆಳ್ಳಿ ಪಾತ್ರೆ ಮೇಲೆ ಕೊಂಬಿನ ದೇವರು ಕೂತಿರೋದು ನೋಡಿದ್ಮೇಲೆ ಫ್ಯಾಂಟಸಿ ಬರೆಯೋರೆಲ್ಲ ಅದನ್ನೇ ಹಾಕ್ತಾ ಬಂದಿದಾರೆ, ಗೇಮುಗಳಲ್ಲೂ ಅದೇ. ತೊಗಟೆ ಇರಲಿ.

ಪ್ರಶ್ನೆ: ಕಾಡಿನ ಪರ ಮಾತಾಡೋಕೆ ಪೂಜಾರಿ ಬೇಕಾ?

ಉತ್ತರ: ಪೂಜಾರಿ ಬದಲು ಪ್ರತಿನಿಧಿ ಅಂತ ಯೋಚನೆ ಮಾಡಿ. ನ್ಯೂಜಿಲೆಂಡ್ 2017ರಲ್ಲಿ ವಾಂಗನೂಯಿ ನದಿಗೆ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿಯ ಸ್ಥಾನ ಕೊಡ್ತು, ನದಿ ಪರವಾಗಿ ಮಾತಾಡೋಕೆ ಇಬ್ಬರು, ಒಬ್ಬರನ್ನ ಅಲ್ಲಿನ ಮಾವೊರಿ ಬುಡಕಟ್ಟುಗಳು ಸೂಚಿಸೋದು, ಇನ್ನೊಬ್ಬರನ್ನ ಸರ್ಕಾರ. ಇಬ್ಬರಿಗೂ ಜಗಳ ಬಂದ್ರೆ ಏನಾಗುತ್ತೆ ಅನ್ನೋದನ್ನ ಕಾದಂಬರಿಕಾರ ಬಿಡ್ತಾನಾ? ಕಡವರಾಯನಿಗೂ ಹೀಗೇ ಇಬ್ಬರನ್ನ ಕೊಡಿ, ಒಬ್ಬಳು ಕಾಡಲ್ಲಿ ಹುಟ್ಟಿದೋಳು, ಇನ್ನೊಬ್ಬ ಅರಮನೆ ಕಳಿಸಿದೋನು.

ಪ್ರಶ್ನೆ: ಇಷ್ಟು ದೇವರುಗಳಿರುವಾಗ ಹೊಸ ದೇವರನ್ನ ಕಟ್ಟೋದು ಅಹಂಕಾರ ಅಲ್ವಾ?

ಉತ್ತರ: ಪೂಜೆ ಮಾಡಿ ಅಂತ ಯಾರೂ ಕೇಳ್ತಿಲ್ಲ, ಓದಿ ಅಂತ ಅಷ್ಟೇ.

ಪ್ರಶ್ನೆ: ಕಡವರಾಯ ಎಲ್ಲಾ ಬಲ್ಲೋನು ಆದ್ರೆ ಸಸ್ಪೆನ್ಸೇ ಇರಲ್ಲ. ಏನು ಮಾಡ್ಲಿ?

ಉತ್ತರ: ಎಲ್ಲಾ ಬಲ್ಲೋನಾಗೋದು ಬೇಡ. ಶಮಾಶ್ ಆಕಾಶದಲ್ಲಿದ್ದ, ಅದಕ್ಕೆ ಎಲ್ಲಾ ಕಾಣ್ತಿತ್ತು. ಇವನು ಇರೋದು ಮರದ ಬುಡದಲ್ಲಿ, ಮೇಲೆಲ್ಲ ಎಲೆ ಮುಚ್ಚಿದೆ, ಹಾಗಾಗಿ ಅವನು ನಂಬೋದು ಹೆಜ್ಜೆ ಗುರುತು, ವಾಸನೆ, ಮುರಿದ ಕಡ್ಡಿ ಇಂಥದ್ದನ್ನ ಮಾತ್ರ ಅಂತ ಒಂದು ರೂಲ್ ಮಾಡಿ. ಬಾಯಿಮಾತಿನ ಸಾಕ್ಷಿ ನಡೆಯಲ್ಲ, ಆಣೆ ಪ್ರಮಾಣ ಅವನಿಗೆ ಅರ್ಥನೇ ಆಗಲ್ಲ. ಆವಾಗ ಮಳೆ ಬಿದ್ರೆ ಕೇಸೇ ಅಳಿಸಿಹೋಯ್ತು! ತಪ್ಪು ಮಾಡಿದೋನು ಮೋಡ ನೋಡ್ಕೊಂಡು ಕಾಯ್ತಾನೆ, ತಪ್ಪು ಮಾಡದೇ ಸಿಕ್ಕಿಹಾಕ್ಕೊಂಡೋಳು ಮಳೆ ಬರೋದ್ರೊಳಗೆ ತನ್ನ ಹೆಜ್ಜೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ದೇವರಿಗೆ ತೋರಿಸ್ಬೇಕು, ರಾಜನ ಕಡೆಯವರು ಬೇಕಂತಲೇ ಆ ದಾರೀಲಿ ದನ ಓಡಿಸ್ತಾರೆ. ಇನ್ನು ಮಳೆಗಾಲದ ನಾಲ್ಕು ತಿಂಗಳು ಕಡವರಾಯನಿಗೆ ಏನೂ ಗೊತ್ತಾಗಲ್ಲ, ಆ ನಾಲ್ಕು ತಿಂಗಳು ಕಾಡಲ್ಲಿ ಏನೇನು ನಡೆಯುತ್ತೆ ಅಂತ ಬರೆದು ಕಳಿಸಿ, ನೀವು ಕಳಿಸಿದ ಮೊದಲ ಅಧ್ಯಾಯಕ್ಕಿಂತ ಅದನ್ನ ಓದೋಕೆ ನನಗೆ ಆಸೆ.