ವಿದ್ಯಾರ್ಥಿ ಸಂಘಕ್ಕೆ ಎಲ್ಲರೂ ನಿರ್ಭಯವಾಗಿ ಬರುವಂತಾಗಲು ಏನು ಮಾಡಬೇಕು?

ಪ್ರತಿ ಸಭೆಗೂ ಅದೇ ಹತ್ತು ಜನ, ಹೊಸಬರು ಒಮ್ಮೆ ಬಂದರೆ ಮತ್ತೆ ಇತ್ತ ಸುಳಿಯುವುದಿಲ್ಲ, ರಾತ್ರಿ ಕಾರ್ಯಕ್ರಮ ಎಂದರೆ ಹುಡುಗಿಯರು ಹಿಂಜರಿಯುತ್ತಾರೆ ಎಂದು ಕೇಳಿದ್ದೀರಿ. ನಾನಾದರೆ ಮೊದಲು ಸಭೆಯ ಹೊತ್ತು, ಜಾಗ ನೋಡುತ್ತೇನೆ. ಸಂಜೆ ಏಳಕ್ಕೆ ಇಟ್ಟರೆ ದೂರದಿಂದ ಓಡಾಡುವವರು, ದುಡಿಯುತ್ತಾ ಓದುವವರು ತಾವಾಗಿಯೇ ದೂರ ಉಳಿಯುತ್ತಾರೆ. ಒಂದು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಇಟ್ಟು ನೋಡಿ. ಚರ್ಚೆಯ ವಿಷಯಗಳನ್ನು ಎರಡು ದಿನ ಮುಂಚೆ ಕಳಿಸಿದರೆ ಮಾತಾಡಲು ಅಳುಕುವವರೂ ಯೋಚಿಸಿಕೊಂಡು ಬರುತ್ತಾರೆ.

ಬಾಗಿಲಲ್ಲಿ 15 ಸೆಂ.ಮೀ. ಮೆಟ್ಟಿಲು ಒಂದಿದ್ದರೂ ಗಾಲಿಕುರ್ಚಿ ಅಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ಗಿಡ್ಡ ಹಲಗೆ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಕಡಿದಾದ ಹಲಗೆಯ ಮೇಲೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಇಳಿಜಾರು 1:12 ಬೇಕು, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದ, ಆ ಮೆಟ್ಟಿಲಿಗೆ 180 ಸೆಂ.ಮೀ. ಜಾಗವಿಲ್ಲದಿದ್ದರೆ ಕೊಠಡಿಯನ್ನೇ ಬದಲಿಸಿ.

ಸುರಕ್ಷತೆಯ ವಿಷಯಕ್ಕೆ ಬಂದರೆ, ಕತ್ತಲಾದ ಮೇಲೆ ಆರೇಳು ಜನ ಸೇರಿ ಹಾಸ್ಟೆಲ್‌ನಿಂದ ಗ್ರಂಥಾಲಯ, ಅಲ್ಲಿಂದ ಗೇಟಿನವರೆಗೆ ನಡೆಯಿರಿ. ಮೊದಲ ವರ್ಷದವರು ಜೊತೆಗಿರಲೇಬೇಕು, ಹಳಬರ ಕಣ್ಣು ಕತ್ತಲಿಗೆ ಒಗ್ಗಿಹೋಗಿರುತ್ತದೆ. ದೀಪ ಉರಿಯುತ್ತಿದ್ದರೂ ಮರದ ಕೊಂಬೆ ಬೆಳಕನ್ನು ತಡೆದಿರುತ್ತದೆ. ಅತಿ ಪ್ರಖರ ದೀಪವಿದ್ದರೆ ಅದರಾಚೆ ನಿಂತವರ ಮುಖವೇ ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಸಿಗದ ಮೂಲೆ, ಒಳಗಿನಿಂದ ಚಿಲಕ ಬೀಳದ ಶೌಚಾಲಯ ಎಲ್ಲವನ್ನೂ ಬರೆದುಕೊಳ್ಳಿ. "ಕ್ಯಾಂಪಸ್ ಕತ್ತಲು" ಎಂದು ಅರ್ಜಿ ಕೊಟ್ಟರೆ ಕೆಲಸ ಆಗುವುದಿಲ್ಲ. ಕಂಬದ ಗುರುತು, ಫೋಟೋ, ದಿನಾಂಕ ಹಾಕಿ ಕೊಟ್ಟು, ಸ್ವೀಕೃತಿ ಪಡೆದು, ತಿಂಗಳ ನಂತರ ಅದೇ ದಾರಿಯಲ್ಲಿ ಮತ್ತೆ ನಡೆದು ನೋಡಿ.

ಕಿರುಕುಳದ ದೂರು ಬಂದಾಗಲೇ ಸಂಘಗಳು ಹೆಚ್ಚು ಎಡವುವುದು, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ನೀವೇ ವಿಚಾರಣೆಗೆ ಇಳಿಯಬೇಡಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದಂತೂ ಬೇಡವೇ ಬೇಡ. ಅಲ್ಲಿ ನೊಂದವರ ಬಾಯಿ ಕಟ್ಟಿಹೋಗುತ್ತದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ. ಅವರು ಒಪ್ಪಿದರೆ ಅವರ ಮಾತಿನಲ್ಲೇ ಬರೆದಿಡಿ, ಮೆಸೇಜುಗಳನ್ನು ಅಳಿಸದಂತೆ ತಿಳಿಸಿ. ಕಾಲೇಜಿನ ದೂರು ಸಮಿತಿ, ಆಪ್ತಸಮಾಲೋಚಕರು, ಪೊಲೀಸ್, ಹೀಗೆ ಇರುವ ದಾರಿಗಳನ್ನೆಲ್ಲ ಮುಂದಿಟ್ಟು ಆಯ್ಕೆ ಅವರಿಗೇ ಬಿಡಿ. ಹೋಗುವಾಗ ಒಬ್ಬರು ಜೊತೆಗಿರಿ. ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ.

ಸಂಪರ್ಕಕ್ಕೆ ಬೇರೆ ಬೇರೆ ಗೆಳೆಯರ ಬಳಗದ ಇಬ್ಬರನ್ನಾದರೂ ನೇಮಿಸಿ. ದೂರು ಅವರಲ್ಲೊಬ್ಬರ ಮೇಲೆಯೇ ಇದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು.