ಮನಃಶಾಸ್ತ್ರದಲ್ಲಿ ಗುಣಾತ್ಮಕ ಸಂಶೋಧನೆಯನ್ನು ಕಲಿಯುವುದು ಹೇಗೆ?

ಕೋಲಾರದ ಟೊಮೆಟೊ ಬೆಳೆಗಾರರ ಆತಂಕದ ಬಗ್ಗೆ ಎಂ.ಎ. ಪ್ರಬಂಧ ಬರೆಯಬೇಕು, ಅಂಕಿಅಂಶಗಳಿಲ್ಲದೆ ಅವರ ಮಾತುಗಳನ್ನೇ ಅಧ್ಯಯನ ಮಾಡಬೇಕು, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ಒಂದು ಸಂದರ್ಶನದಿಂದ ಶುರುಮಾಡಿ.

"ನಿಮಗೆ ಆತಂಕವಾಗುತ್ತದೆಯೇ?" ಎಂದರೆ "ಹೌದು" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಬೆಲೆ ಬಿದ್ದ ದಿನ ಮಂಡಿಯಿಂದ ಮನೆಗೆ ಹೇಗೆ ಹೋದಿರಿ, ಹೇಳಿ" ಎಂದು ಕೇಳಿ ಸುಮ್ಮನಿರಿ. ಆ ಮೌನವನ್ನು ತಡೆದುಕೊಳ್ಳುವುದೇ ಕಲಿಯಬೇಕಾದ ಮೊದಲ ಕೌಶಲ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ನೀವೇ ಅಕ್ಷರಕ್ಕಿಳಿಸಿ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ, ಹಿಡಿಯಲಿ. ನಮ್ಮ ಕಡೆಯವರು ಕನ್ನಡದಲ್ಲಿ ಲೆಕ್ಕ ಹೇಳುತ್ತಾ ಸಾಲದ ಮಾತು ಬಂದಾಗ ತೆಲುಗಿಗೆ ಹೊರಳಿದರೆ, ಆ ಹೊರಳುವಿಕೆಯೂ ದತ್ತಾಂಶವೇ. ತೆಲುಗನ್ನು ತೆಲುಗಾಗಿಯೇ ಬರೆದುಕೊಳ್ಳಿ.

ವಿಶ್ಲೇಷಣೆಗೆ ಮನಃಶಾಸ್ತ್ರಜ್ಞರಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ವಿವರಿಸಿದ ಆರು ಹಂತಗಳ ವಿಷಯವಸ್ತು ವಿಶ್ಲೇಷಣೆ (thematic analysis) ಹೊಸಬರಿಗೆ ಸೂಕ್ತ: ಮತ್ತೆ ಮತ್ತೆ ಓದುವುದು, ಸಾಲುಗಳಿಗೆ ಸಂಕೇತ, ಅಂದರೆ ಅವುಗಳ ಸಾರ ಹೇಳುವ ಚಿಕ್ಕ ಗುರುತು, ಕೊಡುವುದು, ಅವುಗಳಿಂದ ವಿಷಯವಸ್ತು ಕಟ್ಟುವುದು, ಪರಿಶೀಲಿಸುವುದು, ಹೆಸರಿಡುವುದು, ಬರೆಯುವುದು. "ಸಾಲ", "ಮಳೆ" ಎಂಬುವು ಬರೀ ಶೀರ್ಷಿಕೆಗಳು. "ಮಂಡಿಯಲ್ಲಿ ಸೋತದ್ದನ್ನು ಮನೆಯಲ್ಲಿ ಮುಚ್ಚಿಡುವುದು" ಎಂಬುದು ವಿಷಯವಸ್ತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಬ್ಬೊಬ್ಬರ ಅನುಭವದ ಆಳಕ್ಕೆ ಇಳಿಯುವುದಾದರೆ ಮನಃಶಾಸ್ತ್ರಜ್ಞ ಜೊನಾಥನ್ ಸ್ಮಿತ್ ರೂಪಿಸಿದ, ಐಪಿಎ (Interpretative Phenomenological Analysis) ಎಂಬ ವಿಧಾನವನ್ನು ನೋಡಿ. ಅದಕ್ಕೆ ಐದಾರು ಜನ ಸಾಕು.

ಅವರ ಮಾತನ್ನು ನೀವು ಅರ್ಥಮಾಡಿಕೊಳ್ಳುವ ರೀತಿಯಲ್ಲಿ ನಿಮ್ಮ ಹಿನ್ನೆಲೆಯೂ ಸೇರಿರುತ್ತದೆ; ನೀವೂ ಬೆಳೆಗಾರರ ಮನೆಯವರಾಗಿದ್ದರೆ ಅದನ್ನು ಪ್ರಬಂಧದಲ್ಲಿ ಹೇಳಿ. ಸಂದರ್ಶನದ ನಡುವೆ ಯಾರಾದರೂ ಕುಸಿದರೆ ಧ್ವನಿಮುದ್ರಣ ನಿಲ್ಲಿಸಿ, ಜೊತೆಗಿದ್ದು, ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೊಡಿ.