ಕಮ್ಯುನಿಸ್ಟ್ ಸೊಪ್ಪು (ಯುಪಟೋರಿಯಂ ಅನ್ನೋ ಕಾಡು ಕಳೆ) ಹಾಕಿದ ಮಡಿಯಲ್ಲಿ ಹರವೆ ಹುಟ್ತಿಲ್ಲ, ನೆಲದ ವಿಷ ತೆಗೆಯೋಕೆ ಸುಣ್ಣ ಹಾಕ್ಲಾ, ಕಳೆ ಔಷಧಿ ಹೊಡೀಲಾ?

ಎರಡೂ ಬೇಡ, ಕೈ ಮುಗಿದು ಹೇಳ್ತೀನಿ. ನೀವು ಬರೆದಿದ್ದು ಓದ್ತಾ ಇದ್ರೆ ಅಂಕೋಲಾ ಕಡೆ ನಮ್ಮ ಗದ್ದೇನೇ ಕಣ್ಮುಂದೆ ಬಂತು.

ಭತ್ತ ಕೊಯ್ದ ಮೇಲೆ ನಮ್ಮಲ್ಲಿ ಗದ್ದೆ ಖಾಲಿ ಬಿಡಲ್ಲ, ಶೇಂಗಾ, ಹರವೆ, ಮೂಲಂಗಿ ಹೀಗೆ ಏನಾದ್ರೂ ಹಾಕ್ತೇವೆ. ಆ ವರ್ಷ ಸಗಣಿ ಗೊಬ್ಬರ ಕಡಿಮೆ ಇತ್ತು, ಬೆಟ್ಟದ ಅಂಚಲ್ಲಿ ನೋಡಿದ್ರೆ ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದು ನಿಂತಿತ್ತು. ಅಪ್ಪ ಮಳೆಗಾಲದಲ್ಲಿ ಇದೇ ಸೊಪ್ಪನ್ನ ಗದ್ದೆಗೆ ತುಳಿಸಿ ನೆಟ್ಟಿ ಮಾಡೋದನ್ನ ಚಿಕ್ಕಂದಿನಿಂದ ನೋಡಿದ್ದೆ, ಭತ್ತ ಚೆನ್ನಾಗೇ ಬರ್ತಿತ್ತು. ಅದಕ್ಕೇ ಯೋಚನೆ ಮಾಡದೇ ಹಸಿ ಸೊಪ್ಪು ಕೊಚ್ಚಿ ಮಡಿಗೆ ಹೂತು ಮರುದಿನವೇ ಬೀಜ ಚೆಲ್ಲಿಬಿಟ್ಟೆ.

ಹರವೆ ಅಲ್ಲೊಂದು ಇಲ್ಲೊಂದು ಎದ್ದಿತು ಅಷ್ಟೇ. ಮೂಲಂಗಿ ಹುಟ್ಟಿತು, ಎರಡೆಲೆ ಬಿಟ್ಟು ಅಲ್ಲೇ ನಿಂತುಹೋಯ್ತು. ಕಿತ್ತು ನೋಡಿದ್ರೆ ಬೇರು ಮೊಂಡು, ತುದಿ ಕಂದು ಬಣ್ಣ, ನೀರು ಹೀರೋ ಸಣ್ಣ ರೋಮ ಇಲ್ಲವೇ ಇಲ್ಲ. ಬೀಜ ಸರಿ ಇಲ್ಲ ಅಂದ್ಕೊಂಡು ಬೇರೆ ಬೀಜ ತಂದೆ, ಗೊಬ್ಬರ ಸಾಲ್ಲಿಲ್ಲವೇನೋ ಅಂತ ಇನ್ನಷ್ಟು ಹಸಿ ಸೊಪ್ಪು ಸೇರಿಸಿ ಅದೇ ಮಡಿಯಲ್ಲಿ ಮತ್ತೆ ಬಿತ್ತಿದೆ, ಅದೂ ಹಾಗೇ ಆಯ್ತು. ಅಷ್ಟೊತ್ತಿಗೆ ಗದ್ದೆ ಪಸೆ ಆರಿಹೋಗಿ ಆ ಹಂಗಾಮೇ ಕೈಬಿಡ್ತು. ಅದೇ ಸೊಪ್ಪು ಹಾಕಿದ್ದ ಪಕ್ಕದ ಮಡಿಯಲ್ಲಿ ಶೇಂಗಾ ಮಾತ್ರ ಬಂತು, ತಲೆ ಕೆಡಿಸಿದ್ದು ಅದು.

ಪಕ್ಕದಲ್ಲಿ ತರಕಾರಿ ಬೆಳೆಯೋ ಅಜ್ಜಿ ಒಬ್ಬರು ಮಣ್ಣು ಕೆದಕಿ ನೋಡಿ, "ಸೊಪ್ಪು ಕೊಳೀಲೇ ಇಲ್ವಲ್ಲ ತಮ್ಮಾ" ಅಂದ್ರು. ನಾನು ಮಾಡಿದ್ದು ಆ ಒಂದೇ ತಪ್ಪು, ಹೂತಿದ್ದಕ್ಕೂ ಬಿತ್ತಿದ್ದಕ್ಕೂ ಮಧ್ಯೆ ಅಂತರ ಕೊಡ್ಲಿಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ಇದ್ದೀರಿ. ಕಮ್ಯುನಿಸ್ಟ್ ಎಲೆಯಲ್ಲಿ ಫೀನಾಲಿಕ್ ಆಮ್ಲ, ಫ್ಲೇವನಾಯ್ಡ್, ಟರ್ಪೀನ್ ಥರದ, ಸಸಿ ಬೆಳೆಯೋದನ್ನ ತಡೆಯೋ ರಾಸಾಯನಿಕ ಇರುತ್ತೆ, ಒಂದು ಗಿಡದಿಂದ ಹೊರಬಿದ್ದ ರಾಸಾಯನಿಕ ಇನ್ನೊಂದರ ಬೆಳವಣಿಗೆಯನ್ನ ಹೀಗೆ ಹಿಡಿಯೋದಕ್ಕೆ 1937ರಲ್ಲಿ ಹಾನ್ಸ್ ಮೋಲಿಶ್ ಅನ್ನೋ ಸಸ್ಯವಿಜ್ಞಾನಿ ಅಲ್ಲೆಲೋಪತಿ ಅಂತ ಹೆಸರಿಟ್ಟರು. ಹಸಿ ಎಲೆ ಕೊಚ್ಚಿದಾಗ, ಕೊಳೆಯೋಕೆ ಶುರುವಾದಾಗ ಅದೆಲ್ಲ ಒಟ್ಟಿಗೆ ಮಣ್ಣಿನ ನೀರಿಗೆ ಇಳಿಯುತ್ತೆ, ಅದೇ ಹೊತ್ತಿಗೆ ಸರಿಯಾಗಿ ಬೀಜದಿಂದ ಬೇರಿನ ತುದಿ ಹೊರಗೆ ಬರ್ತಾ ಇರುತ್ತೆ, ಗಿಡದ ಜೀವನದಲ್ಲೇ ಅತಿ ನಾಜೂಕಿನ ಹೊತ್ತು ಅದು. ಹರವೆ ಬೀಜ ಸಾಸಿವೆಗಿಂತಲೂ ಸಣ್ಣದು, ಹೊಟ್ಟೆಯಲ್ಲಿ ದಾಸ್ತಾನು ಇಲ್ಲ, ಮೇಲುಮಣ್ಣಲ್ಲೇ ಬದುಕ್ಬೇಕು, ಶೇಂಗಾ ಬೀಜಕ್ಕೆ ತಡೆದುಕೊಳ್ಳೋ ಶಕ್ತಿ ಜಾಸ್ತಿ. ಅಪ್ಪನ ಭತ್ತಕ್ಕೆ ಏನೂ ಆಗದೇ ಇದ್ದಿದ್ದಕ್ಕೂ ಕಾರಣ ಇದೆ, ಅಲ್ಲಿ ನೆಡ್ತಾ ಇದ್ದಿದ್ದು ಬೇರು ಬಲಿತ ಅಗೆ, ಸುತ್ತ ಗದ್ದೆ ತುಂಬ ನೀರು. ಇನ್ನೊಂದು, ಹಸಿ ಸೊಪ್ಪು ಕೊಳೆಯುವಾಗ ಬುಡ ಕೊಳೆಸೋ ಶಿಲೀಂಧ್ರವೂ ಹೆಚ್ಚಾಗುತ್ತೆ, ಹಾಗಾಗಿ ಸತ್ತ ಸಸಿ ಎಲ್ಲದಕ್ಕೂ ರಾಸಾಯನಿಕಾನೇ ಕಾರಣ ಅಂತ ನಾನು ಹೇಳಲ್ಲ.

ಈಗ ನಿಮ್ಮ ಪ್ರಶ್ನೆ. ನೆಲಕ್ಕೆ ವಿಷ ಆಗಿದೆ ಅನ್ನೋದನ್ನೇ ನಾನು ಒಪ್ಪಲ್ಲ. ಮೊಬೈಲಲ್ಲಿ ಬರೋ ವಿಡಿಯೋಗಳಲ್ಲಿ ಎಲೆ ಅರೆದು ರಸ ತೆಗೆದು ತಟ್ಟೆಯಲ್ಲಿರೋ ಬೀಜಕ್ಕೆ ಹಾಕಿ ನೋಡಿ ಹುಟ್ಟಲಿಲ್ಲ ಅಂತಾರಲ್ಲ, ಅಲ್ಲಿ ಮಣ್ಣೇ ಇಲ್ಲ. ಮಣ್ಣಲ್ಲಿ ಇದರಲ್ಲಿ ಒಂದು ಪಾಲು ಜೇಡಿಗೆ ಅಂಟಿಕೊಳ್ಳುತ್ತೆ, ಉಳಿದಿದ್ದನ್ನ ಸೂಕ್ಷ್ಮಜೀವಿಗಳು ತಿಂದು ಮುಗಿಸ್ತವೆ. ಅವಕ್ಕೆ ಬೇಕಿರೋದು ತೇವ, ಗಾಳಿ, ಸಮಯ. ಸುಣ್ಣ ಹುಳಿ ಮಣ್ಣಿಗೆ ಮದ್ದು, ಇದಕ್ಕಲ್ಲ. ಕಳೆನಾಶಕ ಹೊಡೆದರೆ ಗಿಡ ಸಾಯುತ್ತೆ, ಸತ್ತ ಗಿಡ ಅಲ್ಲೇ ಕೊಳೆತು ಅದನ್ನೇ ನೆಲಕ್ಕೆ ಬಿಡುತ್ತೆ, ದುಡ್ಡು ದಂಡ. ನಮ್ಮ ಜಿಲ್ಲೆಯಲ್ಲಿ ಅಕೇಶಿಯಾ ಪ್ಲಾಂಟೇಶನ್ ಅಡಿ ಏನೂ ಬೆಳೆಯಲ್ಲ ಅಂದ್ರೂ ಎಲ್ಲರೂ ವಿಷ ಅಂತಾರೆ, ನೆರಳು ಎಷ್ಟು, ದರಕು (ಉದುರಿದ ಒಣ ಎಲೆ) ಎಷ್ಟು ದಪ್ಪ ಬಿದ್ದಿದೆ, ನೀರು ಯಾರ ಪಾಲಾಗ್ತಿದೆ ಅಂತ ನೋಡೋರು ಕಡಿಮೆ. ಹೊಲದಲ್ಲಿ ನಿಂತ ಕಳೆ ಬೆಳೆಯನ್ನ ಸೋಲಿಸೋದು ಹೆಚ್ಚಾಗಿ ನೀರು, ಗೊಬ್ಬರ, ಬಿಸಿಲು ಕಿತ್ಕೊಂಡೇ.

ನಾನಾದ್ರೆ ಆ ಮಡಿ ಒಮ್ಮೆ ತಿರುವಿ ಹಾಕಿ, ಪಸೆ ಆರದ ಹಾಗೆ ನೀರು ಚಿಮುಕಿಸ್ತಾ ಕಡಿಮೆ ಅಂದ್ರೂ 3 ವಾರ ಬಿಡ್ತೀನಿ. ಆಮೇಲೂ ನೇರ ಬಿತ್ತಲ್ಲ, ಎರಡು ಕುಂಡ ತಗೊಂಡು ಒಂದಕ್ಕೆ ಆ ಮಡಿಯ ಮಣ್ಣು, ಇನ್ನೊಂದಕ್ಕೆ ಸೊಪ್ಪು ಬೀಳದ ಜಾಗದ ಮಣ್ಣು ತುಂಬಿ, ಒಂದೇ ಪ್ಯಾಕೆಟ್ಟಿನ ಮೂಲಂಗಿ ಬೀಜ ಎರಡಕ್ಕೂ ಹಾಕ್ತೀನಿ. ಎರಡರ ಬೇರೂ ಒಂದೇ ಥರ ಬಿಳಿಯಾಗಿ ಉದ್ದ ಇಳಿದಿದ್ರೆ ಧೈರ್ಯವಾಗಿ ಬಿತ್ತಿ. ಮಡಿಯ ಮಣ್ಣಿಂದು ಮೊಂಡಾಗಿದ್ರೆ ಇನ್ನೂ ಕಾಯಿರಿ. ಎರಡೂ ಕೆಟ್ಟಿದ್ರೆ ಬೀಜದ ಮೇಲೇ ಅನುಮಾನ ಪಡಿ.

ಮುಂದಿನ ಸಲ ಸೊಪ್ಪನ್ನ ಹೂ ಬರೋಕೆ ಮುಂಚೆ ಕಡಿದು ಗೊಬ್ಬರ ಗುಂಡಿಗೆ ಸಗಣಿ ಜೊತೆ ಹಾಕಿ ಕೊಳೆಸಿ ತನ್ನಿ. ಹೂ ಆದ್ಮೇಲೆ ಕಡಿದ್ರೆ ಬೀಜ ಗಾಳಿಗೆ ಹಾರಿ ತೋಟಕ್ಕೆಲ್ಲ ಹಬ್ಬುತ್ತೆ, ಅದು ಬೇರೇನೇ ಗೋಳು.